ಕಮರಿಪೇಟೆಯ ಇಬ್ಬರು ಈರಪ್ಪಂದಿರು

ನನ್ನ ತಂಗಿಯ ಮಗ ಶಿವಪ್ಪನಿಗೆ ಈ ವರ್ಷ ಸರಕಾರಿ ಕಾರಕೂನಿಕೆ ಸಿಕ್ಕಿತು. ಮೊದಲ ದಿನ ಕಚೇರಿಗೆ ಹೋಗುವ ಮುಂಚೆ ಕಾಲಿಗೆ ಬಿದ್ದು, "ಮಾಮಾ, ಅಲ್ಲೆ ಹೆಂಗ ಇರಬೇಕು, ಒಂದೀಟು ಹೇಳ್ರಿ" ಎಂದ. ವೇಳೆಗೆ ಸರಿಯಾಗಿ ಹೋಗು, ಮೇಲಿನವರಿಗೆ ಎದುರು ಮಾತಾಡಬೇಡ, ಕಾಗದದ ಮೇಲೆ ಮಸಿ ಚೆಲ್ಲಬೇಡ ಎಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ, ಹೇಳಿದ್ದರಲ್ಲಿ ಕೆಲಸಕ್ಕೆ ಬರುವ ಮಾತು ಒಂದೂ ಇರಲಿಲ್ಲವೆಂದು ಹೊಳೆಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಏನೆಂದು ಶಿಫಾರಸು ಬರೆದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದು ನನ್ನ ಹೆಂಡತಿಗೂ ಈಗ ನೆನಪಿಲ್ಲ.

ನಾನು ಧಾರವಾಡದ ಒಂದು ಕಚೇರಿಗೆ ಸೇರಿದಾಗ ಎಲ್ಲವೂ ಕೈಬರಹವೇ. ಅದಕ್ಕೂ ಮೊದಲು ಕೆಲವು ವರ್ಷ ಸಾಲಿ ಮಾಸ್ತರನಾಗಿದ್ದೆ, ಅಕ್ಷರ ದುಂಡಗಿತ್ತು, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿತ್ತು. ಮ್ಯಾಜಿಸ್ಟ್ರೇಟರ ಎದುರಿಗೆ ಸಾಕ್ಷಿಗಳು ಆಡುವ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಬರೆದುಕೊಳ್ಳುವುದು ನನ್ನ ಕೆಲಸವಾಯಿತು. ಆಗ 'ಚಾಪ್ಟರ್ ಕೇಸು' ಎಂದು ಕರೆಯುತ್ತಿದ್ದ ಪ್ರಕರಣಗಳು ಬಹಳ. ಒಬ್ಬನು ಅಪರಾಧ ಮಾಡಿರುವುದಿಲ್ಲ, ಮಾಡಬಹುದು ಎಂದು ಪೊಲೀಸರಿಗೆ ಸಂಶಯ ಇರುತ್ತದೆ. ಅವನನ್ನು ಕರೆಸಿ, ಸಾಕ್ಷಿ ಕೇಳಿ, ಇನ್ನು ಮೇಲೆ ನೆಟ್ಟಗಿರುತ್ತೇನೆಂದು ಅವನಿಂದ ಜಾಮೀನು ಬರೆಸಿಕೊಳ್ಳಬೇಕು. ಜಾಮೀನು ಕೊಡಲಾಗದವನು ಜೇಲಿಗೆ ಹೋಗಬೇಕು.

ಅಂಥ ಒಂದು ಕೇಸು ಮುಗದದ ಕಡೆಯಿಂದ ಬಂದಿತ್ತು. ಕಲ್ಲಪ್ಪ ಎಂಬ ಒಕ್ಕಲಿಗ ಊರನ್ನೆಲ್ಲ ಹೆದರಿಸುತ್ತಾನೆ, ಬಣವೆಗೆ ಬೆಂಕಿ ಇಡುತ್ತೇನೆ ಅನ್ನುತ್ತಾನೆ ಎಂದು ಫಿರ್ಯಾದು. ಮೂವರು ಸಾಕ್ಷಿಗಳು ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳಿದರು. ಮೂರನೆಯವನಿಗೆ ಕಲ್ಲಪ್ಪನ ವಕೀಲರು, "ಕಲ್ಲಪ್ಪನ್ನ ತೋರಸಪಾ" ಎಂದರು. ಸಾಕ್ಷಿ ಸುತ್ತಲೂ ನೋಡಿ, ಬಾಗಿಲ ಹತ್ತಿರ ಮೀಸೆ ತಿರುವಿಕೊಂಡು ನಿಂತಿದ್ದ ನಮ್ಮ ಕಚೇರಿಯ ಪಟ್ಟೇವಾಲ ಜವಾನನ ಕಡೆ ಬೊಟ್ಟು ಮಾಡಿದ. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ.

"ಕಲ್ಲಪ್ಪನ್ನ ಎಂದರ ನೋಡೀಯೇನು?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ. ಗೌಡ್ರು ಹಿಂಗ ಹೇಳು ಅಂದ್ರು, ಹೇಳಿದ್ನಿ."

ಕೇಸು ಅಲ್ಲಿಗೆ ಬಿತ್ತು. ಅವತ್ತು ಸಂಜೆ ಮನೆಯಲ್ಲಿ ಪಟ್ಟೇವಾಲನ ಮುಖ ಹೇಗಾಯಿತೆಂದು ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ. ಕಲ್ಲಪ್ಪ ಮನೆಗೆ ಹೋದದ್ದು ಆ ಒಂದು ಪ್ರಶ್ನೆಯಿಂದ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಯುದ್ಧ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಟೈಪ್‌ರೈಟರ್ ಅಷ್ಟರಲ್ಲಿ ಬಂದಿತ್ತು, ಈಗ ಸೈಕ್ಲೋಸ್ಟೈಲ್ ಯಂತ್ರವೂ ಬಂತು. ಮೇಣದ ಹಾಳೆಯ ಮೇಲೆ ಒಮ್ಮೆ ಬಡಿದರೆ ಒಂದೇ ಒಕ್ಕಣೆಯ ನೂರು ಪ್ರತಿ ತೆಗೆಯಬಹುದು. ಅದರಲ್ಲಿ ನಾನು ಹೆಚ್ಚು ತೆಗೆದದ್ದು ವಿಚಾರಣೆಯಿಲ್ಲದೆ ಹಿಡಿದಿಡುವ ಸ್ಥಾನಬದ್ಧತೆಯ ಹುಕುಂ. ಯುದ್ಧಕಾಲದ ಸುರಕ್ಷತೆಗೆ ಧಕ್ಕೆಯಾಗದಂತೆ ಇಂಥವನನ್ನು ಹಿಡಿದಿಡುವುದು ಅವಶ್ಯವೆಂದು ಖಾತ್ರಿಯಾಗಿದೆ ಎಂಬ ಒಕ್ಕಣೆ. ಹೆಸರಿಗೆ ನಾಲ್ಕು ಬೆರಳಗಲ ಖಾಲಿ ಜಾಗ. ಸಾಕ್ಷಿ ಇಲ್ಲ, ವಕೀಲರಿಲ್ಲ, ಕೋರ್ಟಿಲ್ಲ. ಕಲೆಕ್ಟರ ಸಾಹೇಬರು ಸಹಿ ಮಾಡಿದರೆ ಮುಗಿಯಿತು. ಆ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ನಿನ್ನ ಹೆಸರೇನು ಎಂದು ಕೇಳುವವರು ಯಾರೂ ಇರಲಿಲ್ಲ.

ನಮ್ಮ ಕಚೇರಿಯ ಹಿರಿಯ ಕಾರಕೂನರನ್ನು ಚಿಟ್ನೀಸರು ಎನ್ನುತ್ತಿದ್ದರು. ಆಗಿದ್ದ ಚಿಟ್ನೀಸರು ಕೆಟ್ಟವರಲ್ಲ. ಕೈಕೆಳಗಿನವರ ಮನೆಯಲ್ಲಿ ಜಡ್ಡಾದರೆ ತಾವೇ ವೈದ್ಯರನ್ನು ಕರೆದುಕೊಂಡು ಬರುವ ಪೈಕಿ. ಅವರಿಗೆ ಒಂದೇ ಒಂದು ಸೇರುತ್ತಿರಲಿಲ್ಲ, ಕಳಿಸಿದ ಕಾಗದ ಮೇಲಿನಿಂದ ಪ್ರಶ್ನೆ ಹೊತ್ತುಕೊಂಡು ವಾಪಸು ಬರುವುದು. "ಕಾಗದ ಹೋದರ ಹೋಗಬೇಕು. ತವರಮನಿಗೆ ಬಂದಂಗ ಬರಬಾರದು" ಎನ್ನುತ್ತಿದ್ದರು.

ಚಲೇಜಾವ್ ಚಳವಳಿಯ ದಿನಗಳು. ತಂತಿ ಕಡಿಯುತ್ತಿದ್ದರು, ಅಂಚೆ ಮನೆಗೆ ಬೆಂಕಿ ಬೀಳುತ್ತಿತ್ತು. ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಹಿಡಿಯಬೇಕಾದವರ ತಖ್ತೆ ಬಂತು. ಹದಿನೇಳು ಹೆಸರು. ಹನ್ನೊಂದನೆಯದು ಈರಪ್ಪ ಮಹಾದೇವಪ್ಪ, ಕಮರಿಪೇಟೆ, ತಂತಿ ಕಡಿಯುವವರ ಮುಂದಾಳು. ವಯಸ್ಸು, ಉದ್ಯೋಗ, ಮನೆಯ ಗುರುತು, ಈ ಮೂರೂ ಕಾಲಮು ಖಾಲಿ. ನಿಯಮದ ಪ್ರಕಾರ ಅದನ್ನು ಪೊಲೀಸ್ ಫೌಜದಾರರಿಗೆ ತಿರುಗಿ ಕಳಿಸಿ ತುಂಬಿಸಿಕೊಳ್ಳಬೇಕು. ಅದಕ್ಕೆ ಎರಡು ದಿನವಾದರೂ ಬೇಕು. ಸಾಹೇಬರು ಮರುದಿನ ಬೆಳಿಗ್ಗೆ ಹಳ್ಳಿಗಳ ಫಿರತಿಗೆ ಹೊರಡುವವರಿದ್ದರು, ಸಂಜೆಯೊಳಗೆ ಸಹಿ ಆಗಬೇಕೆಂದು ಚಿಟ್ನೀಸರು ಒಂದೇ ಸಮನೆ ನಡೆದಾಡುತ್ತಿದ್ದರು.

ದಫ್ತರದ ಕೋಣೆಯಲ್ಲಿ ಹುಬ್ಬಳ್ಳಿಯ ಮನೆಪಟ್ಟಿಯ, ಅಂದರೆ ಮನೆಕರದ ಯಾದಿಯ, ನಕಲು ಇರುವುದು ನನಗೆ ಗೊತ್ತಿತ್ತು. ತೆಗೆದು ನೋಡಿದೆ. ಕಮರಿಪೇಟೆಯಲ್ಲಿ ಈರಪ್ಪ ಮಹಾದೇವಪ್ಪ ಒಬ್ಬನೇ ಇದ್ದ. ನೂಲಿಗೆ ಬಣ್ಣ ಹಾಕುವವನು, ಸ್ವಂತ ಮನೆ. ಮೂರೂ ಕಾಲಮು ತುಂಬಿದೆ. ವಯಸ್ಸು ಪಟ್ಟಿಯಲ್ಲಿರಲಿಲ್ಲ, ಸುಮಾರು ಮೂವತ್ತೈದು ಎಂದು ನಾನೇ ಹಾಕಿದೆ. ಮನೆಪಟ್ಟಿಯಲ್ಲಿ ಮನೆ ಇದ್ದವರ ಹೆಸರು ಮಾತ್ರ ಇರುತ್ತದೆ, ಬಾಡಿಗೆಗೆ ಇರುವವರದು ಇರುವುದಿಲ್ಲ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಚಿಟ್ನೀಸರು ತಖ್ತೆಯ ಮೇಲೆ ಕಣ್ಣಾಡಿಸಿ, "ಭಾಳ ಶಾಣ್ಯಾ ಇದ್ದೀಯಪಾ ಗುರುಸಿದ್ದಪ್ಪಾ" ಎಂದರು. ಅವರ ಬಾಯಿಂದ ಅಂಥ ಮಾತು ವರ್ಷಕ್ಕೊಮ್ಮೆಯೂ ಬರುತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ಹಿಡಿದ ಮೂರನೆಯ ತಿಂಗಳಲ್ಲಿ ಆ ಬಣ್ಣಗಾರನ ಅರ್ಜಿ ಜೇಲಿನಿಂದ ಬಂತು. ಜೊತೆಯ ಕೈದಿ ಯಾರೋ ಬರೆದುಕೊಟ್ಟದ್ದು, ಕನ್ನಡದಲ್ಲಿ ಮೂರು ಪುಟ. 'ನಾನು ನೂಲಿಗೆ ಬಣ್ಣ ಹಾಕಿ ಹೊಟ್ಟೆ ಹೊರೆಯುವವನು. ತಂತಿಯ ಕಂಬ ಏರಲು ನನಗೆ ಬರುವುದಿಲ್ಲ. ನನ್ನ ಹೆಸರಿನವನೇ ಇನ್ನೊಬ್ಬ ನಮ್ಮ ಓಣಿಯಲ್ಲಿ ಬಾಡಿಗೆಗೆ ಇದ್ದ. ಗದ್ದಲ ಶುರುವಾದ ವಾರದಲ್ಲೇ ಊರು ಬಿಟ್ಟ. ಓಣಿಯವರನ್ನು ಯಾರನ್ನಾದರೂ ಕೇಳಬೇಕು' ಎಂದಿತ್ತು.

ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಸಂಕ್ಷೇಪ ಮಾಡಿ ಸಾಹೇಬರಿಗೆ ಇಡುವವನು ನಾನು. ಒಂದು ಅರ್ಜಿಗೆ ಒಂದೇ ಸಾಲು ಎಂದು ಚಿಟ್ನೀಸರ ಅಪ್ಪಣೆ. ಎರಡು ಸಲ ಓದಿದೆ. 'ಅರ್ಜಿದಾರನು ತಾನು ನಿರಪರಾಧಿ ಎನ್ನುತ್ತಾನೆ' ಎಂದು ಬರೆದೆ. ಎಲ್ಲ ಅರ್ಜಿದಾರರೂ ಹಾಗೆಯೇ ಎನ್ನುತ್ತಿದ್ದರು. ಹಿಂದಿನ ವಾರವೇ ಒಬ್ಬ, ತಂತಿ ಕಡಿದವನು ನಾನಲ್ಲ, ನನ್ನ ಅವಳಿ ತಮ್ಮ ಎಂದು ಬರೆದಿದ್ದ. ವಿಚಾರಿಸಿದರೆ ಅವನಿಗೆ ತಮ್ಮನೇ ಇರಲಿಲ್ಲ. ಇದು ನನ್ನ ಕಡೆಯ ಸಮರ್ಥನೆ. ಇನ್ನೊಂದು ಮಾತೂ ಇದೆ. ಆ ಮೂರು ಪುಟ ಮೇಲೆ ಹೋದರೆ ಕಾಲಮು ತುಂಬಿದವರು ಯಾರು ಎಂಬ ಪ್ರಶ್ನೆ ಕೆಳಗೆ ಬರುತ್ತಿತ್ತು. ಅದು ಆಗ ನನ್ನ ಮನಸ್ಸಿಗೆ ಬಂದಿತ್ತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂದಿತ್ತು ಎಂದೇ ಅನಿಸುತ್ತದೆ.

ಐದನೆಯ ತಿಂಗಳಲ್ಲಿ ಒಂದು ತಂತಿ ಬಂತು. ಈರಪ್ಪನ ತಾಯಿಗೆ ಬಹಳ ಜಡ್ಡು, ಕೆಲವು ದಿನದ ಮಟ್ಟಿಗೆ ಬಿಡಬೇಕು ಎಂದು. ಸಾಹೇಬರು ಇಂಗ್ಲಿಷರು, ತಮ್ಮ ತಾಯಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದವರು. ನನ್ನನ್ನು ಕರೆಸಿ, ಈ ಮನುಷ್ಯ ಮಾಡಿದ್ದೇನು ಎಂದು ಕೇಳಿದರು. ಫೈಲಿನಲ್ಲಿದ್ದದ್ದನ್ನು ಹೇಳಿದೆ: ತಂತಿ ಕಡಿಯುವವರ ಮುಂದಾಳು, ಆದರೆ ಒಪ್ಪುವುದಿಲ್ಲ. ಹಾಗಾದರೆ ಪೊಲೀಸರ ಅಭಿಪ್ರಾಯ ತರಿಸಿರಿ ಎಂದರು. ಅಭಿಪ್ರಾಯ ಬರಲು ಒಂಬತ್ತು ದಿನ ಹಿಡಿಯಿತು. ಆರನೆಯ ದಿನವೇ ಮುದುಕಿ ತೀರಿಕೊಂಡಿದ್ದಳು. ಸತ್ತ ಸುದ್ದಿ ತಂದ ತಂತಿಯನ್ನೂ ಅದೇ ಫೈಲಿಗೆ ಹೊಲಿದೆ.

ಎಂಟನೆಯ ತಿಂಗಳಲ್ಲಿ ಗದಗಿನ ಕಡೆ ಒಬ್ಬನನ್ನು ಬೇರೆ ಯಾವುದೋ ಕೇಸಿನಲ್ಲಿ ಹಿಡಿದು ಕೋರ್ಟಿಗೆ ತಂದರು. ಅಲ್ಲಿ ಹೆಸರು ಕೇಳಿದರು. ಈರಪ್ಪ ಮಹಾದೇವಪ್ಪ, ಮೊದಲು ಹುಬ್ಬಳ್ಳಿ ಕಮರಿಪೇಟೆಯಲ್ಲಿ ಬಾಡಿಗೆಗಿದ್ದೆ, ತಂತಿ ಕಡಿದವರಲ್ಲಿ ನಾನೂ ಒಬ್ಬ ಎಂದು ತಾನಾಗಿಯೇ ಹೇಳಿದನಂತೆ. ಆ ಹೇಳಿಕೆಯ ನಕಲು ನನ್ನ ಮೇಜಿಗೆ ಬಂತು. ಓದಿ ಮುಗಿಸಿ, ದಫ್ತರದಿಂದ ಆ ಹಳೆಯ ತಖ್ತೆಯನ್ನು ತೆಗೆದೆ. ಚಿಟ್ನೀಸರು ಊಟದ ಡಬ್ಬಿ ಮುಚ್ಚುವ ತನಕ ಕಾದು, ಎರಡೂ ಕಾಗದ ಅವರ ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. "ಈ ಕಾಲಮು ತುಂಬಿದವ ನೀನ ಅಲ್ಲೇನು?" ಎಂದರು.

"ನಾನ್ರಿ."

"ಸಾಹೇಬರಿಗೆ ಏನಂತ ಬರೀತಿ?"

"ತಪ್ಪಾಗೇದ, ಬಿಡಬೇಕು ಅಂತ ಬರೀತೇನ್ರಿ."

"ತಪ್ಪು ಅಂತ ಬರದರ ಯಾರ ತಪ್ಪು ಅಂತ ಕೇಳ್ತಾರ. ಮೊದಲು ನೀನು, ಆಮ್ಯಾಲೆ ನಾನು. ಮಕ್ಕಳು ಎಷ್ಟಪಾ ನಿನಗ?"

"ನಾಕು ಮಂದಿ ರೀ."

"ಮನುಷ್ಯಾ ಹೊರಗ ಬಂದರ ಸಾಕಲ್ಲ? ವರ್ತನಿ ಛಲೋ ಅದ, ಬಿಡಲಿಕ್ಕೆ ಅಡ್ಡಿ ಇಲ್ಲ ಅಂತ ಬರಿ. ಈ ವಾರದಾಗ ಬಿಡಸೋ ಜವಾಬ್ದಾರಿ ನಂದು."

ಹಾಗೆಯೇ ಬರೆದೆ. ಚಿಟ್ನೀಸರು ಮಾತು ಉಳಿಸಿಕೊಂಡರು, ನಾಲ್ಕು ದಿನದಲ್ಲಿ ಈರಪ್ಪ ಹೊರಗೆ ಬಂದ. ಆದರೆ ಒಳ್ಳೆಯ ವರ್ತನೆಯ ಮೇಲೆ ಬಿಟ್ಟವರಿಗೆ ಒಂದು ಷರತ್ತು ಇರುತ್ತಿತ್ತು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಅವನಿಗೂ ಅದು ತಪ್ಪಲಿಲ್ಲ. ತಪ್ಪು ಎಂಬ ಮಾತು ಯಾವ ಕಾಗದದಲ್ಲಿಯೂ ಬರಲಿಲ್ಲ. ಯುದ್ಧ ಮುಗಿಯಿತು, ಸ್ವರಾಜ್ಯ ಬಂತು, ಎರಡು ವರ್ಷಕ್ಕೆ ನಾನೂ ನಿವೃತ್ತನಾದೆ. ಯಾರಿಗೂ ಹೇಳಿರಲಿಲ್ಲ.

ನಿವೃತ್ತನಾದ ವರ್ಷವೇ ನೀಲಗಂಗಾ ಬಂದಳು. ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಗೆಳೆಯನ ಮಗಳು, ಬೆಳಗಾವಿಯಲ್ಲಿ ವಕೀಲಿ ಓದುತ್ತಿದ್ದಳು. ಆಗ ದಿಲ್ಲಿಯಲ್ಲಿ ಸಂವಿಧಾನ ಬರೆಯುತ್ತಿದ್ದ ಕಾಲ. ವಿಚಾರಣೆಯಿಲ್ಲದೆ ಜನರನ್ನು ಹಿಡಿದಿಡುವ ಅಧಿಕಾರ ನಮ್ಮ ಸರಕಾರಕ್ಕೂ ಇರಬೇಕೇ ಬೇಡವೇ ಎಂದು ದೊಡ್ಡವರ ನಡುವೆ ವಾದ ನಡೆದಿತ್ತು. ಅದೇ ವಿಷಯದ ಮೇಲೆ ಹುಬ್ಬಳ್ಳಿಯ ಒಂದು ಸಭಾಗೃಹದಲ್ಲಿ ವಿದ್ಯಾರ್ಥಿಗಳ ಚರ್ಚಾಕೂಟ ಇಟ್ಟಿದ್ದರು. ನೀಲಗಂಗಾ ಒಂದು ಚೀಲ ತುಂಬ ಪತ್ರಿಕೆಯ ತುಣುಕು, ಕಾಯ್ದೆಯ ಪುಸ್ತಕ ತಂದು ನನ್ನ ಕಟ್ಟೆಯ ಮೇಲೆ ಹರವಿದಳು.

"ಕಾಕಾ, ನೀವು ಈ ಕೆಲಸಾನ ಕೈಲೆ ಮಾಡಿದವರು. ಹೆಂಗ ಮಾಡ್ತಿದ್ರಿ, ಮೊದಲಿಂದ ಹೇಳ್ರಿ."

"ನೀ ಯಾವ ಕಡೆ ಮಾತಾಡಾಕಿ?"

"ಇರಬೇಕು ಅನ್ನೋ ಕಡೆ."

ನನಗೆ ಆಶ್ಚರ್ಯವಾಯಿತು. ಆ ವಯಸ್ಸಿನವರೆಲ್ಲ ಆಗ ಬೇಡ ಎನ್ನುವ ಪಕ್ಷದವರು. ಅವಳೇ ಕಾರಣ ಹೇಳಿದಳು. ಅವಳ ಸೋದರಮಾವ ನಿಜಾಮನ ಸೀಮೆಯ ಗಡಿಯ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಆಚೆಯಿಂದ ದಾಳಿ ಮಾಡುವವರಿಗೆ ಸುದ್ದಿ ಮುಟ್ಟಿಸುವವನು ಇಂಥವನೇ ಎಂದು ಊರಿಗೂ ಗೊತ್ತಿತ್ತು, ಫೌಜದಾರರಿಗೂ ಗೊತ್ತಿತ್ತು. ಸಾಕ್ಷಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಹಿಡಿಯಲಿಲ್ಲ. ಹದಿನೈದು ದಿನದಲ್ಲಿ ಹಳ್ಳಿಗೆ ಬೆಂಕಿ ಬಿತ್ತು. ಮಾವ ದನ ಬಿಚ್ಚಲು ಕೊಟ್ಟಿಗೆಗೆ ಹೋದವರು ಹೊರಗೆ ಬರಲಿಲ್ಲ.

"ಅವನ್ನ ಎರಡ ತಿಂಗಳು ಒಳಗ ಹಾಕಿದ್ದರ ಮಾವ ಇವತ್ತ ಇರ್ತಿದ್ರು ಕಾಕಾ" ಎಂದಳು. ಅಳಲಿಲ್ಲ, ಪುಸ್ತಕದ ಹಾಳೆ ತಿರುವಿದಳು.

ಅವಳು ವಾರದಲ್ಲಿ ನಾಲ್ಕು ದಿನ ಬಂದಳು. ತಖ್ತೆ ಹೇಗೆ ಬರುತ್ತಿತ್ತು, ಹುಕುಂ ಹೇಗೆ ಹೋಗುತ್ತಿತ್ತು, ಅರ್ಜಿಗಳನ್ನು ಯಾರು ಓದುತ್ತಿದ್ದರು ಎಲ್ಲ ಹೇಳಿದೆ, ಅದೊಂದನ್ನು ಬಿಟ್ಟು. ನಾಲ್ಕನೆಯ ದಿನ ತನ್ನ ಭಾಷಣ ಓದಿ ತೋರಿಸಿದಳು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಪರಕೀಯರ ಆಳ್ವಿಕೆಯಲ್ಲಿ ಕೂಡ ಈ ಭಾಗದಲ್ಲಿ ತಪ್ಪು ಮನುಷ್ಯನನ್ನು ಹಿಡಿದ ಒಂದು ಉದಾಹರಣೆಯೂ ದಾಖಲೆಯಲ್ಲಿ ಸಿಗುವುದಿಲ್ಲ.'

"ಇದನ್ನ ಎಲ್ಲಿಂದ ತಂದಿ?" ಎಂದೆ.

"ಎಷ್ಟ ಹುಡುಕಿದರೂ ಸಿಗಲಿಲ್ರಿ. ನೀವೂ ಹೇಳಲಿಲ್ಲಲ್ಲ."

ನನ್ನ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟಳು. ಅವಳು ಒಳಗೆ ಹೋಗುವ ತನಕ ಸುಮ್ಮನಿದ್ದು, ಮನೆಪಟ್ಟಿಯ ನಕಲಿನಿಂದ ಹಿಡಿದು ಮುದುಕಿ ಸತ್ತ ತಂತಿಯವರೆಗೆ ಎಲ್ಲವನ್ನೂ ಹೇಳಿದೆ. ನೀಲಗಂಗಾ ಬರೆದುಕೊಳ್ಳುತ್ತಿದ್ದವಳು ಅರ್ಧಕ್ಕೆ ಪೆನ್ನು ಕೆಳಗಿಟ್ಟಳು. ಚಹಾ ಆರಿತು.

"ಕಾಕಾ, ಆ ಅರ್ಜಿ ನೀವು ಓದಿದ್ರಿ."

"ಓದಿದ್ದೆ."

"ಎರಡ ಸಲ."

"ಹೂಂ."

ಭಾಷಣದ ಹಾಳೆ ಮಡಚಿ, "ಇದನ್ನ ನಾ ಹೆಂಗ ಹೇಳಲಿ? ಕಾಗದ ಎಲ್ಲದ ಅಂತಾರ" ಎಂದಳು. ಆಮೇಲೆ, "ಆ ಮನುಷ್ಯಾಗ ಹೇಳೀರೇನು?" ಎಂದಳು. ಇಲ್ಲ ಎಂದೆ. "ಹಂಗಾದರ ಮೊದಲ ಅಲ್ಲಿಗೆ ಹೋಗೂಣು ನಡೀರಿ" ಎಂದು ಪುಸ್ತಕಗಳನ್ನು ಚೀಲಕ್ಕೆ ತುರುಕಿದಳು.

ಮರುದಿನ ರೈಲಿನಲ್ಲಿ ಹುಬ್ಬಳ್ಳಿಗೆ ಹೋದೆವು. ಕಮರಿಪೇಟೆಯಲ್ಲಿ ಬಣ್ಣದ ಈರಪ್ಪನ ಮನೆ ಕೇಳಿದರೆ ಮೂವರು ಒಟ್ಟಿಗೇ ದಾರಿ ತೋರಿಸಿದರು. ನಲವತ್ತು ದಾಟಿದ ಮನುಷ್ಯ, ಮೊಣಕೈವರೆಗೆ ನೀಲಿ. ಅಂಗಳದಲ್ಲಿ ಎರಡು ಹಂಡೆ ಕುದಿಯುತ್ತಿದ್ದವು. ಹಗ್ಗದ ಮೇಲೆ ಹಸಿ ನೂಲಿನ ಲಡಿಗಳು ಒಣಗುತ್ತಿದ್ದವು. ನಾವು ಯಾರೆಂದು ತಿಳಿಯದೆಯೇ, "ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿ, ನೀರು ಕೊಟ್ಟ.

ನೀಲಗಂಗಾ ತಾನು ಓದುವ ವಿಷಯ ಹೇಳಿ, ಜೇಲಿನಲ್ಲಿ ಹೇಗಿತ್ತು ಎಂದು ಕೇಳಿದಳು. ಅವನು ಲಡಿ ತಿರುವುತ್ತಲೇ ಹೇಳಿದ.

"ಒಳಗ ಇದ್ದವರೆಲ್ಲಾ ದೊಡ್ಡ ಮಂದಿ ರೀ. ದೇಶದ ಸಲುವಾಗಿ ಬಂದವರು. ನಾ ಒಬ್ಬಾಂವ ದಿನಾ ನಾ ಅಲ್ಲ, ನಾ ಅಲ್ಲ ಅನ್ನಾಕತ್ತಿದ್ನಿ. ಇಂವ ಸರಕಾರದ ಬಾತ್ಮಿದಾರ ಇರಬೇಕು ಅಂತ ನನ್ನ ಕೂಡ ಮಾತ ಬಿಟ್ರು. ಅರ್ಜಿ ಬರಕೊಟ್ಟಾಂವ ಒಬ್ಬಾಂವ ಮಾತಾಡ್ತಿದ್ದ. ಹೊರಗ ಬಂದ್ನಿ, ಇಲ್ಲೆ ಮಾಲಿ ಹಾಕಿದ್ರು. ಈಗ ಝಂಡಾ ಏರಿಸೋ ದಿನ ಕರೀಲಿಕ್ಕೆ ಬರ್ತಾರ, ದೇಶಭಕ್ತ ಈರಪ್ಪನವರು ಅಂತಾರ. ನಾ ಅಲ್ಲ ಅಂದರ, ಎಷ್ಟ ದೊಡ್ಡತನಾರಿ ನಿಮ್ಮದು ಅಂತ ಇನ್ನಷ್ಟು ಹೊಗಳ್ತಾರ."

ನೀಲಗಂಗಾಳಿಗೆ ನಗು ಬಂತು, ತಡೆದುಕೊಂಡಳು. ಅವನೂ ನಕ್ಕ. ಆಮೇಲೆ ನಗು ನಿಂತಿತು.

"ನಮ್ಮವ್ವ ಮಾತ್ರ ಸಾಯೂತನಾ ನಾ ಏನೋ ಮಾಡೇನಿ ಅಂತನ ತಿಳಕೊಂಡಿದ್ಲಂತ್ರಿ. ಸರಕಾರ ಸುಮ್ಮಸುಮ್ಮನ ಯಾರನ್ನೂ ಒಯ್ಯಾಂಗಿಲ್ಲ, ನನ್ನ ಮುಂದ ಮುಚ್ಚಿಟ್ಟಾನ ಅಂತ ಅಂದ ಹೋದ್ಲಂತ."

ಇನ್ನು ತಡ ಮಾಡಿದರೆ ನನ್ನಿಂದ ಆಗುವುದಿಲ್ಲ ಎನಿಸಿತು. "ಈರಪ್ಪನವರ, ಹಿಡಿಯೋರ ತಖ್ತೆದಾಗ ನಿಮ್ಮ ಮನಿ ಗುರುತು ತುಂಬಿದವ ನಾನು" ಎಂದೆ. ಅರ್ಜಿಯ ವಿಷಯವನ್ನೂ ಹೇಳಿದೆ, ತಾಯಿಯ ತಂತಿ ಬಂದಾಗ ಸಾಹೇಬರಿಗೆ ಕೊಟ್ಟ ಉತ್ತರವನ್ನೂ ಹೇಳಿದೆ. ಅವನು ಲಡಿಯನ್ನು ಹಂಡೆಯ ಅಂಚಿಗೆ ಇಳಿಬಿಟ್ಟು, ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವನು ಬೈಯಲಿಲ್ಲ.

"ಮೂರ ಹಾಳಿ ಬರಸಿದ್ನಿ ರೀ. ನೀವು ಏನಂತ ಬರದ್ರಿ?"

"ಅರ್ಜಿದಾರ ತಾನು ನಿರಪರಾಧಿ ಅಂತಾನ, ಅಂತ."

"ಅಷ್ಟ?"

"ಅಷ್ಟ."

ಹಂಡೆಯ ಕೆಳಗಿನ ಕಟ್ಟಿಗೆಯನ್ನು ಒಳಕ್ಕೆ ತಳ್ಳಿದ. ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದೆ. ಅದಕ್ಕೆ ಅವನು, "ನಾ ಅವನಲ್ಲ ಅಂಬೂದು ನನಗ ಮೊದಲಿಂದನ ಗೊತ್ತೈತ್ರಿ ರಾಯರ. ನನಗ ಬಂದ ಹೇಳಿದರ ಏನಾತು? ಗೊತ್ತಿಲ್ಲದವರ ಮುಂದ ಹೇಳ್ರಿ" ಎಂದು ಲಡಿಯನ್ನು ಮತ್ತೆ ಬಣ್ಣಕ್ಕೆ ಅದ್ದಿದ.

ರೈಲಿನಲ್ಲಿ ವಾಪಸು ಬರುವಾಗ ನೀಲಗಂಗಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನ ಹೆಸರು ಎತ್ತಬೇಡ ಎಂದು ನಾನು ಹೇಳಲಿಲ್ಲ. ಎತ್ತು ಎಂದೂ ಹೇಳಲಿಲ್ಲ. ಸರಕಾರಿ ಗುಟ್ಟನ್ನು ಹೊರಗೆ ಆಡುವುದಿಲ್ಲವೆಂದು ಸಹಿ ಮಾಡಿ ನೌಕರಿ ಮಾಡಿದವನು ನಾನು. ನಿವೃತ್ತಿವೇತನದ ಕಾಗದ ಇನ್ನೂ ಪೂರ್ತಿ ಕೈಗೆ ಬಂದಿರಲಿಲ್ಲ.

ಚರ್ಚಾಕೂಟದ ದಿನ ಸಭಾಗೃಹ ತುಂಬಿತ್ತು. ವಕೀಲರು, ಮಾಸ್ತರರು, ವ್ಯಾಪಾರಸ್ಥರು, ಕಮರಿಪೇಟೆಯ ನೇಕಾರರೂ ಕೆಲವರು ಬಂದಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಹಳೆಯ ಚಿಟ್ನೀಸರು ಶಾಲು ಹೊದ್ದು ಕೂತಿದ್ದರು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ.

ನೀಲಗಂಗಾ ತನ್ನ ಪಾಳಿ ಬಂದಾಗ ಎದ್ದು, ಮೊದಲು ಮಾವನ ವಿಷಯ ಹೇಳಿದಳು. ಅಂಥವನನ್ನು ಹಿಡಿಯುವ ಅಧಿಕಾರ ಸರಕಾರಕ್ಕೆ ಇರಲೇಬೇಕು ಎಂದಳು. ಅವಳ ಪಕ್ಷದವರು ಚಪ್ಪಾಳೆ ತಟ್ಟಿದರು. ಆಮೇಲೆ, "ಆದರೆ ಹಿಡಿದ ಮರುದಿನವೇ ಅವನನ್ನು ಒಬ್ಬ ನ್ಯಾಯಾಧೀಶರ ಎದುರು ನಿಲ್ಲಿಸಬೇಕು. ನೀನು ಯಾರು ಎಂದಾದರೂ ಕೇಳಬೇಕು. ಇದೇ ಊರಿನಲ್ಲಿ ಹೆಸರು ಒಂದೇ ಆದದ್ದಕ್ಕೆ ಒಬ್ಬರು ಎಂಟು ತಿಂಗಳು ಜೇಲಿನಲ್ಲಿದ್ದರು. ಅವರು ಒಳಗಿರುವಾಗ ಅವರ ತಾಯಿ ತೀರಿಕೊಂಡರು" ಎಂದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಅವಳ ಪಕ್ಷದ ಇನ್ನೊಬ್ಬ ವಿದ್ಯಾರ್ಥಿ ಹಣೆ ಚಚ್ಚಿಕೊಂಡ.

ಅಧ್ಯಕ್ಷರು ಹಿರಿಯ ವಕೀಲರು. ಗಂಟೆ ಬಾರಿಸಿ, "ಇದಕ್ಕೆ ದಾಖಲೆ ಏನದ?" ಎಂದರು.

"ದಾಖಲೆ ಇಲ್ರಿ."

"ದಾಖಲೆ ಇಲ್ಲದ ಮಾತು ಇಲ್ಲೆ ಹೇಳಬಾರದು. ಯಾರು ಹೇಳಿದರು ನಿಮಗ?"

ನೀಲಗಂಗಾ ನನ್ನ ಕಡೆ ತಿರುಗಲಿಲ್ಲ. ಎದುರಿನ ಮೇಜಿನ ಮೇಲೆ ಕಣ್ಣಿಟ್ಟು, "ಅದನ್ನ ನಾ ಹೇಳಂಗಿಲ್ರಿ" ಎಂದಳು. ಹಾಗಾದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಎಂದರು ಅಧ್ಯಕ್ಷರು. ಅವಳು ತೆಗೆದುಕೊಳ್ಳಲಿಲ್ಲ, ಕೂಡಲೂ ಇಲ್ಲ.

"ನಾನು ಹೇಳಿದೆ ರೀ" ಎಂದೆ. ಎಲ್ಲರೂ ಹಿಂದಕ್ಕೆ ತಿರುಗಿದರು. "ಆ ತಖ್ತೆ ತುಂಬಿದವ ನಾನು, ಹುಕುಂ ಟೈಪ್ ಮಾಡಿದವನೂ ನಾನು. ಅವರು ಕಮರಿಪೇಟೆಯ ಬಣ್ಣದ ಈರಪ್ಪನವರು. ಅವರು ತಂತಿ ಕಡಿದಿಲ್ಲ. ಏನೂ ಮಾಡಿಲ್ಲ. ನಾ ಅಲ್ಲ ಅಂತ ಅವರು ಬರೆಸಿ ಕಳಿಸಿದ್ದನ್ನ ಓದಿಯೂ ನಾನು ಮುಚ್ಚಿದೆ." ಇನ್ನೂ ಹೇಳಬೇಕೆಂದಿದ್ದೆ, ನೆನಪಾಗಲಿಲ್ಲ.

ಮತಕ್ಕೆ ಹಾಕಿದಾಗ ನೀಲಗಂಗಾಳ ಪಕ್ಷ ಸೋತಿತು. ಬೇಡ ಎನ್ನುವವರು ಅವಳು ತಮ್ಮ ಕಡೆಯೇ ಮಾತಾಡಿದಳು ಎಂದರು, ಬೇಕು ಎನ್ನುವವರು ಮೋಸ ಮಾಡಿದಳು ಎಂದರು. ಎರಡೂ ಕಡೆಯವರು ಅವಳನ್ನು ಚಹಾಕ್ಕೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ಚಿಟ್ನೀಸರು ಸಿಕ್ಕರು. "ನಿನಗ ಏನ ಬೇಕಾಗಿತ್ತಪಾ ಇದು, ಈ ವಯಸ್ಸಿನ್ಯಾಗ?" ಎಂದರು. ಸಿಟ್ಟಿರಲಿಲ್ಲ, ದಣಿದಿದ್ದರು. ಮುಂದೆ ನಮ್ಮ ಮನೆಗೆ ಅವರು ಬರಲಿಲ್ಲ.

ಕಚೇರಿಯಿಂದ ಒಂದು ಕಾಗದ ಬಂತು. ಸರಕಾರಿ ಗುಪ್ತ ವಿಷಯವನ್ನು ಸಾರ್ವಜನಿಕ ಸಭೆಯಲ್ಲಿ ಆಡಲು ಯಾರ ಅನುಮತಿ ಇತ್ತು ಎಂದು. ಯಾರದೂ ಇರಲಿಲ್ಲ, ನಾನು ಹೇಳಿದ್ದು ನನ್ನ ತಪ್ಪನ್ನು ಎಂದು ಉತ್ತರ ಬರೆದೆ. ಆಮೇಲೆ ಏನೂ ಬರಲಿಲ್ಲ. ಉತ್ತರವನ್ನು ಓದಿದವರು ಅದನ್ನು ಮೇಲೆ ಕಳಿಸಿದರೋ, ಫೈಲಿಗೆ ಹೊಲಿದು ಸುಮ್ಮನಾದರೋ ನನಗೆ ತಿಳಿಯದು.

ಎರಡು ವಾರದ ಮೇಲೆ ಈರಪ್ಪನೇ ನಮ್ಮ ಮನೆ ಹುಡುಕಿಕೊಂಡು ಬಂದ. ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೇ ನಿಂತು, "ಸಭಾಕ್ಕ ಬಂದಿದ್ದವರು ಓಣ್ಯಾಗೆಲ್ಲಾ ಹೇಳ್ಯಾರ್ರಿ. ನಮ್ಮ ಚಿಗವ್ವ ನಂಬವಲ್ಲಳು. ಬರದಾಂವನ ಬಂದು ನನ್ನ ಮುಂದ ಹೇಳಲಿ ಅಂತಾಳ. ಬರ್ತೀರೇನ್ರಿ?" ಎಂದ. ಚಿಗವ್ವ ಅಂದರೆ ಅವನ ತಾಯಿಯ ತಂಗಿ. ಅಕ್ಕ ಜಡ್ಡಾದಾಗ ಕಡೆಯವರೆಗೂ ಬಾಯಿಗೆ ನೀರು ಬಿಟ್ಟವಳು ಅವಳೇ ಎಂದು ದಾರಿಯಲ್ಲಿ ಹೇಳಿದ.

ಮುದುಕಿ ಕಮರಿಪೇಟೆಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂದವಾಗಿತ್ತು, ನನ್ನ ಸದ್ದು ಬಂದ ಕಡೆ ಮುಖ ತಿರುಗಿಸಿದಳು. ನಾನು ಎದುರಿಗೆ ನೆಲದ ಮೇಲೆ ಕೂತು, ಅವಳಿಗೆ ತಿಳಿಯುವ ಹಾಗೆ ಮೊದಲಿನಿಂದ ಹೇಳಿದೆ. ಅದೇ ಹೆಸರಿನವನು ಇನ್ನೊಬ್ಬ ಇದ್ದ, ಈರಪ್ಪ ಏನೂ ಮಾಡಿರಲಿಲ್ಲ, ಅವನು ನಿಮ್ಮಕ್ಕನ ಮುಂದೆ ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂದೆ. ಅವಳು ಎಲ್ಲವನ್ನೂ ಕೇಳಿದಳು. ಕೈ ಮುಂದೆ ಚಾಚಿ ಈರಪ್ಪನ ತಲೆ ಹುಡುಕಿ, ಸವರಿದಳು.

ಆಮೇಲೆ ನನ್ನ ಕಡೆ ತಿರುಗಿ, "ನಮ್ಮಕ್ಕ ಇದ್ದಾಗ ನಿನಗ ಇದು ಗೊತ್ತಿತ್ತೇನಪಾ?" ಎಂದು ಕೇಳಿದಳು.

"ಗೊತ್ತಿತ್ತು ಯವ್ವಾ" ಎಂದೆ.

ಅವಳು ಸೊಸೆಯನ್ನು ಕರೆದು, ಇವರಿಗೆ ಊಟಕ್ಕ ಹಾಕವಾ ಎಂದು ಹೇಳಿ, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಸೊಸೆ ರೊಟ್ಟಿ ಬಡಿಸಿದಳು. ಈರಪ್ಪ ನನ್ನ ಪಕ್ಕದಲ್ಲೇ ಕೂತ. ಇಬ್ಬರೂ ಉಂಡೆವು.